ಮುಂದೆ ನೋಡುವಂಥದ್ದೇನೂ ಇಲ್ಲ

ಬೆಳಿಗ್ಗೆ ಕರೆಂಟು ಹೋದಾಗ ಅವನು ತಟ್ಟೆಯ ಮುಂದೆ ಕೂತಿದ್ದ. ತಲೆಯ ಮೇಲಿನ ಫ್ಯಾನು ಥಟ್ಟನೆ ನಿಲ್ಲಲಿಲ್ಲ; ಯಾವ ಫ್ಯಾನೂ ಥಟ್ಟನೆ ನಿಲ್ಲುವುದಿಲ್ಲ. ಮೊದಲು ಅದರ ಗುಂಯ್‌ಗುಡುವ ಸದ್ದು ದಪ್ಪಗಾಯಿತು, ಆಮೇಲೆ ಆ ದಪ್ಪ ಸದ್ದು ಒಡೆದು ರೆಕ್ಕೆ ರೆಕ್ಕೆಯಾಗಿ ಬಿಡಿಯಾಯಿತು, ಆಮೇಲೆ ಒಂದೊಂದು ರೆಕ್ಕೆಯೂ ಕಣ್ಣಿಗೆ ಕಾಣತೊಡಗಿತು. ಅಷ್ಟು ಹೊತ್ತಿಗೆ ಅವನು ಅಗಿಯುವುದನ್ನು ಮರೆತಿದ್ದ. ಎಡಗೈ ಮೇಜಿನ ಕೆಳಗೆ ತನ್ನಷ್ಟಕ್ಕೆ ಮುಷ್ಟಿ ಕಟ್ಟಿ ಕಾಣದ ಯಾವುದೋ ಹಿಡಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಹೆಂಡತಿ ನೋಡಿದಳು. ಇಷ್ಟು ವರ್ಷ ಇದನ್ನೇ ನೋಡಿ ಅವಳಿಗೂ ಸಾಕಾಗಿತ್ತು. “ರೀ, ಅದು ತಲೆ ಮೇಲೆ ಬೀಳಲ್ಲ. ಸುಮ್ನೆ ತಿನ್ನಿ,” ಎಂದಳು. ಅವನು ನಕ್ಕ ಹಾಗೆ ಮಾಡಿ ಬಾಯಲ್ಲಿದ್ದುದನ್ನು ನುಂಗಿದ. ಬೀಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಕಿವಿ ಬೇರೆ. ಕಿವಿಗೆ ಬುದ್ಧಿ ಹೇಳಿದವರು ಯಾರೂ ಇಲ್ಲ.

ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಸುವ ಸೇನೆಯ ಶಾಲೆಯಲ್ಲಿ ಅವನು ಮೇಷ್ಟ್ರು. ಹಾರಿಸಲು ಕಲಿಸುವವನಲ್ಲ, ಅದು ಯಾಕೆ ಬೀಳುತ್ತದೆ ಎಂದು ಕಲಿಸುವವನು. ಮೂಲತಃ ಇಂಜಿನ್ನಿನ ಮನುಷ್ಯ, ಜೀವಮಾನದಲ್ಲಿ ಒಂದು ದಿನವೂ ಹಾರಿಸಿದವನಲ್ಲ. ಹಾರುವ ಹುಡುಗರಿಗೆ ನೆಲದ ಮೇಷ್ಟ್ರ ಮೇಲೆ ಎಷ್ಟು ಗೌರವ ಇರಬಹುದೋ ಅಷ್ಟೇ ಗೌರವ ಅವನ ಮೇಲೂ ಇತ್ತು, ಅಂದರೆ ಎದುರಿಗೆ ಸರ್, ಬೆನ್ನ ಹಿಂದೆ ಇಳಿಸಪ್ಪ. ಆ ಹೆಸರು ಅವನಿಗೆ ಗೊತ್ತಾದದ್ದು ಶೌಚಾಲಯದ ಬಾಗಿಲ ಹಿಂದೆ ಕೂತಿದ್ದಾಗ. ಹೊರಗೆ ಕೈ ತೊಳೆಯುತ್ತಿದ್ದ ಇಬ್ಬರು, “ಇವತ್ತು ಇಳಿಸಪ್ಪನ ಕ್ಲಾಸು ಕಣೋ, ಮೂರು ಗಂಟೆ ಒಂದೇ ಮಾತು, ಇಳಿಸು, ಇಳಿಸು, ಇಳಿಸಪ್ಪಾ ಇಳಿಸು,” ಎಂದು ಅವನ ಧ್ವನಿಯಲ್ಲೇ ಆಡಿ ನಕ್ಕಿದ್ದರು. ಅನುಕರಣೆ ಚೆನ್ನಾಗಿತ್ತು. ಅವರು ಹೋಗುವವರೆಗೆ ಅವನು ಒಳಗೇ ಕೂತಿದ್ದ, ತಾನೇ ಏನೋ ಕದ್ದವನ ಹಾಗೆ.

ಬೂಟು ಹಾಕಿಕೊಳ್ಳುತ್ತಿದ್ದಾಗ ಅತ್ತಿಗೆಯ ಫೋನು ಬಂತು. ಅವಳು ಮಾತಾಡುವುದೇ ಹಾಗೆ, ಫೋನನ್ನು ಹೊಲಿಗೆ ಯಂತ್ರದ ಪಕ್ಕ ಒರಗಿಸಿ, ಕಾಲನ್ನು ಪೆಡಲಿನ ಮೇಲಿಟ್ಟು. ಯಾರ ಮಾತಿಗೂ ಯಂತ್ರ ನಿಲ್ಲಿಸಿದವಳಲ್ಲ. ಅವಳ ಧ್ವನಿಯ ಹಿಂದೆ ಆ ಮೋಟಾರು ಸದಾ ಝರ್ರ್ ಎನ್ನುತ್ತಿರಬೇಕು, ಇಲ್ಲದಿದ್ದರೆ ಅದು ಅತ್ತಿಗೆಯ ಫೋನೇ ಅಲ್ಲ. “ಇವತ್ತು ಗುಬ್ಬಿ ನಿನ್ನ ಕ್ಲಾಸಿಗೆ ಬರ್ತಾಳಂತಲ್ಲಪ್ಪ,” ಎಂದಳು. ಗುಬ್ಬಿ ಎಂದರೆ ಅಣ್ಣನ ಮಗಳು. ಎರಡು ತಿಂಗಳ ಹಿಂದೆ ಅದೇ ಶಾಲೆಗೆ ಸೇರಿದ್ದಳು. “ಹೌದು ಅತ್ತಿಗೆ, ಇವತ್ತೇ.” “ಚಿಕ್ಕಪ್ಪ ಅಂತ ಸಲಿಗೆ ಕೊಡಬೇಡ. ಬೈದು ಹೇಳ್ಕೊಡು. ಇಂಜಿನ್ ವಿಷಯ ಎಲ್ಲಾ ಸರಿಯಾಗಿ ಹೇಳು, ಅದು ಯಾವಾಗ ಕೈಕೊಡುತ್ತೆ, ಕೈಕೊಡೋ ಮುಂಚೆ ಹೇಗೆ ಗೊತ್ತಾಗುತ್ತೆ ಅಂತ. ನಂಗೆ ಅದೊಂದೇ ಚಿಂತೆ.” ಅವನು ಆಯಿತು ಎಂದ. ಬೂಟಿನ ದಾರ ಒಂದು ಕಡೆ ಉದ್ದವಾಗಿ ಒಂದು ಕಡೆ ಗಿಡ್ಡವಾಯಿತು, ಬಿಚ್ಚಿ ಮತ್ತೆ ಕಟ್ಟಿದ.

ಇಂಜಿನ್ ಕೈಕೊಟ್ಟಿತು ಎಂದು ಹೇಳಿದವನು ಅವನೇ. ಅಣ್ಣ ಹೆಲಿಕಾಪ್ಟರಿನೊಂದಿಗೆ ಬಿದ್ದು ಸತ್ತ ಸುದ್ದಿ ಹೇಳಲು ಅವನನ್ನೇ ಕಳಿಸಿದ್ದರು. ತಮ್ಮ ಅಲ್ಲವೇ, ಮನೆಯವನು. ಅತ್ತಿಗೆ ಅವತ್ತೂ ಯಂತ್ರದ ಮುಂದೆ ಕೂತಿದ್ದಳು. ಅವನ ಮುಖ ನೋಡಿ ಅವಳಿಗೆ ಅರ್ಥವಾಯಿತು, ಆದರೆ ಕಾಲಿಗೆ ಅರ್ಥವಾಗಲಿಲ್ಲ. ಬಟ್ಟೆ ಮುಗಿದು ಸೂಜಿಯ ಕೆಳಗಿಂದ ಜಾರಿಬಿದ್ದರೂ ಯಂತ್ರ ಓಡುತ್ತಲೇ ಇತ್ತು, ಬರಿದೇ ದಾರ ಹೊಲಿಯುತ್ತಾ. ಆ ಸದ್ದಿನ ಮೇಲೆ ಅವಳು ಕೂಗಿ ಕೇಳಿದಳು: “ಹೇಗಾಯ್ತು? ಏನ್ ಮಾಡಿದ್ರು ಅವರು?” ಏನ್ ಮಾಡಿದ್ರು ಅವರು. ಆ ಪ್ರಶ್ನೆಗೆ ಇದ್ದ ಉತ್ತರ ನುಂಗಲಾರದ ತುತ್ತು. “ಅವನೇನೂ ಮಾಡ್ಲಿಲ್ಲ ಅತ್ತಿಗೆ, ಇಂಜಿನ್ ಕೈಕೊಡ್ತು,” ಎಂದ. ಅದು ಸಾಲದು ಅನ್ನಿಸಿ, “ಅವನಿಗೆ ಏನೂ ಗೊತ್ತಾಗಿರಲ್ಲ,” ಎಂದೂ ಸೇರಿಸಿದ. ಅಂದಿನಿಂದ ಆ ಇಂಜಿನ್ನು ಅವರ ಮನೆಯಲ್ಲಿ ಒಂದು ಆಸಾಮಿಯಾಯಿತು. ಅತ್ತಿಗೆ ಅದಕ್ಕೆ ಶಾಪ ಹಾಕುತ್ತಿದ್ದಳು, ಅದರ ವಂಶ ಹಾಳಾಗಲಿ ಎನ್ನುತ್ತಿದ್ದಳು. ತನ್ನ ಕಸುಬನ್ನೇ ಬೈಯುವುದನ್ನು ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಅದೂ ಒಂದು ರೀತಿಯ ಸಮಾಧಾನವೇ ಎಂಬಂತೆ. ಹಾಗೇ ಕಾಲ ಕಳೆದು ಒಂದು ದಿನ ಗುಬ್ಬಿ ತಾನೂ ಹಾರುತ್ತೇನೆಂದು ಹಟ ಹಿಡಿದು ಊಟ ಬಿಟ್ಟಾಗ ಅತ್ತಿಗೆ ಅವನನ್ನು ಕರೆಸಿ ಕೇಳಿದ್ದು ಒಂದೇ ಮಾತು: “ಈಗಿನ ಇಂಜಿನ್ನು ಚೆನ್ನಾಗಿದಾವೇನಪ್ಪ?” ಚೆನ್ನಾಗಿವೆ ಎಂದು ಅವನು ಹೇಳಲೇಬೇಕಾಯಿತು, ಯಾಕೆಂದರೆ ಅದು ನಿಜ. “ಈಗ ಒಂದಲ್ಲ ಅತ್ತಿಗೆ, ಎರಡೆರಡು ಇರ್ತವೆ. ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ.” ಆ ಮಾತಿನ ಮೇಲೆ ಅವಳು ಹೂಂ ಎಂದಳು. ಹಳೆಯ ಸುಳ್ಳಿನ ಅಡಿಪಾಯದ ಮೇಲೆ ಹೊಸ ನಿಜ ಕಟ್ಟಿದ ಹಾಗಾಯಿತು, ಮತ್ತು ಹುಡುಗಿ ಅದರ ಮೇಲೆ ಹತ್ತಿ ನಿಂತಳು.

ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ನಡೆಯುವಾಗ ಚಹಾದ ಲೋಟ ಹಿಡಿದು ದಪ್ಪ ಮೀಸೆಯ ತರಬೇತುದಾರ ಎದುರಾದ. ಅವನು ಹಾರಿಸಲು ಕಲಿಸುವವನು, ಅಣ್ಣನ ಜೊತೆ ಹಾರಿದವನು. “ನಿಮ್ಮ ಹುಡುಗಿ ಚೆನ್ನಾಗಿ ಹಾರಿಸ್ತಾಳೆ ಮೇಷ್ಟ್ರೇ,” ಎಂದ. ಮೇಷ್ಟ್ರ ಮುಖ ಅರಳುವುದಕ್ಕೆ ಬಿಡದೆ, “ಒಂದೇ ಒಂದು ಐಬು. ಗಾಬರಿಯಾದರೆ ಎಡಗೈ ಮೇಲಕ್ಕೇ ಹೋಗುತ್ತೆ. ಎಳೀತಾಳೆ. ಎಷ್ಟು ಹೇಳಿದ್ರೂ ಎಳೀತಾಳೆ. ರಕ್ತದಲ್ಲೇ ಇದೆ ನೋಡಿ,” ಎಂದು ಲೋಟ ಖಾಲಿ ಮಾಡಿದ. ರಕ್ತ ಎಂದದ್ದು ಅವನಿಗೆ ಸುಮ್ಮನೆ ಬಾಯಿಗೆ ಬಂದ ಮಾತು. ಆದರೆ ಮೇಷ್ಟ್ರಿಗೆ ಕಂಡದ್ದು ಅಣ್ಣನ ಎಡಗೈ. ಎಡಗೈ ಕಡೆಯ ಆ ಹಿಡಿ, ಕಾರಿನ ಹ್ಯಾಂಡ್‌ಬ್ರೇಕಿನ ಹಾಗೆ ಸೀಟಿನ ಪಕ್ಕ ಇರುವ ಕಲೆಕ್ಟಿವ್ ಎಂಬ ಹಿಡಿ: ಮೇಲಕ್ಕೆ ಎಳೆದರೆ ಹೆಲಿಕಾಪ್ಟರು ಮೇಲಕ್ಕೆ, ಇಳಿಸಿದರೆ ಕೆಳಕ್ಕೆ. ಇಷ್ಟು ತಿಳಿದರೆ ಹಾರಬಹುದು. ಒಂದೊಂದು ಸಲ ಎಳೆದಷ್ಟೂ ಕೆಳಕ್ಕೇ ಹೋಗುತ್ತದೆ ಎಂಬುದು ತಿಳಿದರೆ ಬದುಕಬಹುದು. ಅದೊಂದನ್ನು ತಿಳಿಸುವುದಕ್ಕಾಗಿಯೇ ಅವನ ಕ್ಲಾಸು ಇರುವುದು, ಅದಕ್ಕಾಗಿಯೇ ಅಣ್ಣನ ಕೊನೆಯ ಹಾರಾಟದ ಆ ವಿಡಿಯೊ ಚಿತ್ರ. ಇವತ್ತು ಆ ಚಿತ್ರವನ್ನು ತೋರಿಸದೆ ಇರಬಹುದು. ಯಾರೂ ಕೇಳುವುದಿಲ್ಲ, ಪ್ರೊಜೆಕ್ಟರು ಕೆಟ್ಟಿದೆ ಎಂದರೆ ಮುಗಿಯಿತು. ತೋರಿಸದಿದ್ದರೆ ಒಂದು ದಿನ ಯಾವುದೋ ಬೆಟ್ಟದ ಅಂಚಿನಲ್ಲಿ ಗುಬ್ಬಿಯ ಎಡಗೈ ಮೇಲಕ್ಕೆ ಹೋಗುತ್ತದೆ. ತೋರಿಸಿದರೆ ಅವಳು ತನ್ನ ಅಪ್ಪನನ್ನು ನೋಡುತ್ತಾಳೆ. ಬೆಳಿಗ್ಗೆಯಿಂದ ಅವನು ಈ ಎರಡರ ನಡುವೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ.

ಚಿಕ್ಕಂದಿನಲ್ಲಿ ಅಣ್ಣ ಸೈಕಲ್ಲಿನಿಂದಲೂ ಇಳಿಯುತ್ತಿರಲಿಲ್ಲ. ಶಾಲೆಯ ದಾರಿಯ ಏರಿನಲ್ಲಿ ಹುಡುಗರೆಲ್ಲ ಇಳಿದು ತಳ್ಳಿಕೊಂಡು ಹೋಗುತ್ತಿದ್ದರೆ ಅಣ್ಣ ಮಾತ್ರ ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದ, ಹಿಂದಿನ ಕ್ಯಾರಿಯರಿನ ಮೇಲೆ ತಮ್ಮನನ್ನೂ ಹೊತ್ತುಕೊಂಡು. ಅರ್ಧ ಏರಿನಲ್ಲಿ ಚಕ್ರ ಅತ್ತಿತ್ತ ವಾಲುತ್ತಿತ್ತು, ಸರಪಳಿ ಕಟಕಟ ಎನ್ನುತ್ತಿತ್ತು, ಅಣ್ಣನ ಅಂಗಿಯ ಬೆನ್ನು ಒದ್ದೆಯಾಗಿ ಮೂಗಿಗೆ ತಾಗುತ್ತಿತ್ತು. “ಸ್ವಲ್ಪ ಇಳಿಯೋ, ಏರು ದಾಟಿದ ಮೇಲೆ ಹತ್ತಿಸ್ಕೊತೀನಿ,” ಎಂದ ಅಣ್ಣ. “ನಾನು ಇಳಿಯಲ್ಲ, ನೀನೇ ಇಳಿ.” “ನಾನಾ? ಸತ್ರೂ ಇಳಿಯಲ್ಲ.” ಇಬ್ಬರೂ ಇಳಿಯದೆ ಇಬ್ಬರೂ ಬಿದ್ದರು. ಮಂಡಿ ತರಚಿ ರಕ್ತ ಬರುತ್ತಿದ್ದರೂ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸತ್ತರೂ ಇಳಿಯುವುದಿಲ್ಲ ಎಂಬ ಆ ಮಾತು ನಲವತ್ತು ವರ್ಷ ದಾಟಿ ಬಂದು ಈಗ ಪಡಸಾಲೆಯಲ್ಲಿ ಅವನ ಪಕ್ಕದಲ್ಲೇ ನಡೆಯುತ್ತಿತ್ತು. ಕ್ಲಾಸಿನ ಬಾಗಿಲು ಬಂದೇಬಿಟ್ಟಿತು.

ಗುಬ್ಬಿ ಎರಡನೆಯ ಸಾಲಿನಲ್ಲಿ ಕಿಟಕಿಯ ಕಡೆ ಕೂತಿದ್ದಳು. ಎಲ್ಲರ ಜೊತೆ ಎದ್ದು ನಿಂತಳು, ಎಲ್ಲರ ಜೊತೆ ಗುಡ್ ಮಾರ್ನಿಂಗ್ ಸರ್ ಎಂದಳು. ಮನೆಯಲ್ಲಿ ಅವನ ತಟ್ಟೆಗೆ ಕೈ ಹಾಕುವ ಹುಡುಗಿ ಇಲ್ಲಿ ಅವನನ್ನು ನೋಡಿಯೂ ನೋಡದವಳ ಹಾಗಿದ್ದಳು. ಅವನು ಸೀಮೆಸುಣ್ಣ ತೆಗೆದುಕೊಂಡು ಬೆಟ್ಟದ ಅಂಚೊಂದನ್ನು ಬರೆದ, ಅದರ ಮೇಲೆ ಒಂದು ಹೆಲಿಕಾಪ್ಟರನ್ನು ಬರೆದ. ಅದು ಎಂದಿನಂತೆ ಮಿಡತೆಯ ಹಾಗೆ ಬಂತು, ಹಿಂದಿನ ಸಾಲಿನಲ್ಲಿ ಯಾರೋ ಎಂದಿನಂತೆ ನಕ್ಕರು. ಬಾಯಿ ತನ್ನ ಪಾಡಿಗೆ ಪಾಠ ಹೇಳಲು ಶುರುಮಾಡಿತು. ನೆಲದ ಹತ್ತಿರ ಇರುವಾಗ ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ನಮ್ಮನ್ನೇ ಎತ್ತಿಹಿಡಿಯುತ್ತದೆ. ಆ ಆಸರೆಯಲ್ಲಿ ಕಡಿಮೆ ಶಕ್ತಿಗೇ ತೇಲಬಹುದು. ಅಂಚು ದಾಟಿದಿರೋ, ನೆಲ ಕಾಲ ಕೆಳಗಿಂದ ಹೋಯಿತು, ಆಸರೆಯೂ ಹೋಯಿತು. ಈಗ ಜಾಸ್ತಿ ಶಕ್ತಿ ಬೇಕು. ಎತ್ತರದಲ್ಲಿ ಗಾಳಿ ತೆಳು, ಬಿಸಿಲ ಹೊತ್ತಿನಲ್ಲಿ ಇನ್ನೂ ತೆಳು. ಇಂಜಿನ್ನೂ ಅದೇ ಗಾಳಿಯನ್ನು ಉಸಿರಾಡಬೇಕಲ್ಲ, ಅದು ಆಗಲೇ ತನ್ನಲ್ಲಿರುವುದನ್ನೆಲ್ಲ ಕೊಟ್ಟಾಗಿದೆ. ಹೆಲಿಕಾಪ್ಟರು ಕುಸಿಯುತ್ತದೆ. ಕುಸಿದರೆ ಮನುಷ್ಯ ಏನು ಮಾಡುತ್ತಾನೆ? ಎಳೆಯುತ್ತಾನೆ. ಎಳೆದರೆ ರೆಕ್ಕೆಗಳು ಗಾಳಿಯನ್ನು ಇನ್ನೂ ಓರೆಯಾಗಿ ಕಚ್ಚುತ್ತವೆ, ಅದನ್ನು ತಿರುಗಿಸುವ ಶಕ್ತಿ ಇಂಜಿನ್ನಿನಲ್ಲಿ ಇಲ್ಲ, ರೆಕ್ಕೆ ನಿಧಾನವಾಗುತ್ತದೆ, ನಿಧಾನವಾದ ರೆಕ್ಕೆ ಹೊರುವುದಿಲ್ಲ, ಮತ್ತೂ ಕುಸಿಯುತ್ತದೆ, ಮತ್ತೂ ಎಳೆಯುತ್ತಾನೆ. “ಇಂಜಿನ್ನಿನದು ಏನೂ ತಪ್ಪಿರಲ್ಲ,” ಎಂದ ಮೇಲೆ ಅವನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಆಯಿತು. ಗುಬ್ಬಿ ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದಳು.

ಅವನು ಪ್ರೊಜೆಕ್ಟರಿನ ಗುಂಡಿ ಒತ್ತಿದ. ಒತ್ತಿದ ಮೇಲೆಯೇ ಅವನಿಗೆ ತಾನು ನಿರ್ಧಾರ ಮಾಡಿದ್ದೇನೆಂದು ಗೊತ್ತಾದದ್ದು. ಚಿತ್ರ ತೆಗೆದವನು ಆ ಬೆಟ್ಟದ ಮೇಲಿದ್ದ ಸಿಪಾಯಿ. ಕಲ್ಲು ಜೋಡಿಸಿ ಮಾಡಿದ ಇಳಿದಾಣ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ, ಅದು ಸುಮ್ಮನೆ ಜೋತುಬಿದ್ದಿದೆ. ಹೆಲಿಕಾಪ್ಟರು ಮೆಲ್ಲನೆ ಏಳುತ್ತದೆ, ಧೂಳು, ಮೂಗು ತಗ್ಗಿಸುತ್ತದೆ, ಅಂಚು ದಾಟುತ್ತದೆ. ದಾಟಿದ್ದೇ ಕುಸಿಯುತ್ತದೆ. ಆಗ ಮೂಗು ಎದ್ದು, ಮೇಲಿನ ರೆಕ್ಕೆಗಳು ಗಾಳಿಗೆ ಮಗುಚಿದ ಛತ್ರಿಯ ಹಾಗೆ ಮೇಲಕ್ಕೆ ಬಾಗುತ್ತವೆ, ಮತ್ತು ಸದ್ದು, ಆ ಸದ್ದು, ಮೊದಲು ದಪ್ಪಗಾಗಿ, ಆಮೇಲೆ ಒಡೆದು, ಆಮೇಲೆ ಥಪ್, ಥಪ್, ಥಪ್ ಎಂದು ಬಿಡಿಬಿಡಿಯಾಗಿ. ಹೆಲಿಕಾಪ್ಟರಿನ ಬೆನ್ನು ಅಂಚಿನ ಕೆಳಗೆ ಮರೆಯಾಗುವ ಆ ಕ್ಷಣಕ್ಕೆ ಸರಿಯಾಗಿ ಅವನ ಬೆರಳು ಗುಂಡಿಯ ಮೇಲೆ ಬಿತ್ತು. ಎಷ್ಟೋ ತಂಡಗಳಿಗೆ ಅವನು ಅದೇ ಜಾಗದಲ್ಲಿ ನಿಲ್ಲಿಸಿದ್ದ. ಬೆರಳಿಗೆ ಅದು ಬಾಯಿಪಾಠವಾಗಿತ್ತು. “ಮುಂದೆ ನೋಡುವಂಥದ್ದೇನೂ ಇಲ್ಲ,” ಎಂದ, ಎಂದಿನಂತೆ. ಅದು ಸುಳ್ಳಲ್ಲ. ಮುಂದೆ ಇರುವುದು ಖಾಲಿ ಅಂಚು, ಆಕಾಶ, ಜೋತುಬಿದ್ದ ಗಾಳಿಚೀಲ. ತಾನೂ ಒಂದು ಸಲವೂ ಅದನ್ನು ದಾಟಿ ನೋಡಿರಲಿಲ್ಲ. ಮೊದಲ ಸಲ ಒಬ್ಬನೇ ಕೂತು ಹಾಕಿಕೊಂಡಾಗ ಕೈ ಅಲ್ಲಿಗೆ ನಿಂತಿತ್ತು, ಮುಂದೆಯೂ ಅಲ್ಲಿಗೇ ನಿಲ್ಲುತ್ತಾ ಬಂತು. ತನಿಖೆಯವರು ಬರೆದಿದ್ದ ಮಾತು ಅವನಿಗೆ ಗೊತ್ತಿತ್ತು: ಸರಿಪಡಿಸುವ ಕ್ರಮ ತಡವಾಯಿತು. ತಡವಾಯಿತು ಎಂದರೆ ಕಚೇರಿಯ ಭಾಷೆಯಲ್ಲಿ ಆಗಲೇ ಇಲ್ಲ ಎಂದರ್ಥ, ಸತ್ತವನ ಮರ್ಯಾದೆಗೆ ಹಾಗೆ ಬರೆಯುತ್ತಾರೆ ಎಂದು ಅವನು ತಿಳಿದುಕೊಂಡಿದ್ದ.

“ಏನು ಮಾಡ್ಬೇಕಿತ್ತು?” ಎಂದು ಕೇಳಿದ. ಹಿಂದಿನ ಸಾಲಿನ ಉದ್ದನೆಯ ಹುಡುಗ ಎದ್ದು, “ಇಳಿಸ್ಬೇಕಿತ್ತು ಸರ್,” ಎಂದ, ಇಳಿಸು ಎಂಬುದನ್ನು ಮೇಷ್ಟ್ರ ಧ್ವನಿಯಲ್ಲೇ ಸ್ವಲ್ಪ ಎಳೆದು. ನಗು ಎದ್ದಿತು. ಹುಡುಗನಿಗೆ ಹುರುಪು ಬಂತು: “ಇಳಿಸಿ, ಮೂಗು ತಗ್ಗಿಸಿ, ವೇಗ ತಗೊಂಡು ಕಣಿವೆಗೆ ಧುಮುಕಿದ್ರೆ ಆಗ್ತಿತ್ತು ಸರ್. ಅಷ್ಟೂ ಗೊತ್ತಿರಲಿಲ್ವಾ ಆ ಪುಣ್ಯಾತ್ಮನಿಗೆ? ಕೊನೇವರೆಗೂ ಎಳೀತಾನೇ ಇದಾನಲ್ಲ!” ಮತ್ತೆ ನಗು. ಇದು ಹೊಸದೇನಲ್ಲ, ಪ್ರತಿ ತಂಡದಲ್ಲೂ ಒಬ್ಬ ಇದನ್ನು ಹೇಳುತ್ತಾನೆ, ಮೇಷ್ಟ್ರು ಸರಿ ಕೂತ್ಕೊ ಎನ್ನುತ್ತಾನೆ. ಅಣ್ಣನನ್ನು ಪ್ರತಿ ವರ್ಷ ಮೂವತ್ತು ಜನರ ಎದುರು ದಡ್ಡನನ್ನಾಗಿ ನಿಲ್ಲಿಸಿ, ನಗಿಸಿ, ಅವರ ಜೀವ ಉಳಿಸುವುದು. ಅದಕ್ಕೆ ಸಂಬಳ. ಇವತ್ತು ಮಾತ್ರ ಅವನು ಸರಿ ಕೂತ್ಕೊ ಎನ್ನದೆ ತೆರೆಯ ಕಡೆ ತಿರುಗಿದ. ಎರಡನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಗುಬ್ಬಿ ಎದ್ದು ನಿಂತಿದ್ದಳು.

“ಮುಂದೆ ಹಾಕಿ ಸರ್.”

“ಮುಂದೆ ನೋಡುವಂಥದ್ದು ಏನೂ ಇಲ್ಲಮ್ಮ.”

“ಗೊತ್ತು ಸರ್. ಸದ್ದು ಇದೆ.”

ಅವಳ ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸೈಕಲ್ಲಿನಿಂದ ಇಳಿಯದವನ ಮುಖ ಅದು. ಅವಳಿಗೆ ಗೊತ್ತಿದೆ ಎಂದು ಅವನಿಗೆ ಹೊಳೆಯಿತು, ಬಹುಶಃ ಯಾವತ್ತಿನಿಂದಲೋ ಗೊತ್ತಿದೆ. ಇಡೀ ಕ್ಲಾಸು ಅವನನ್ನೇ ನೋಡುತ್ತಿತ್ತು. ಗುಂಡಿ ಒತ್ತಲು ಒಂದು ಬೆರಳು ಸಾಕಾಗದೆ ಇನ್ನೊಂದು ಕೈಯನ್ನೂ ತಂದ.

ತೆರೆಯ ಮೇಲೆ ಖಾಲಿ ಅಂಚು. ಥಪ್, ಥಪ್ ಎಂಬ ಸದ್ದು ಕೆಳಗಿನ ಕಣಿವೆಯಿಂದ ಬರುತ್ತಿತ್ತು. ಅದು ಈಗ ನಿಲ್ಲುತ್ತದೆ ಎಂದು ಅವನು ಕಾದ. ಅದು ನಿಲ್ಲಲಿಲ್ಲ. ಥಪ್‌ಥಪ್ ಹತ್ತಿರ ಹತ್ತಿರ ಬಂತು, ಒಂದಕ್ಕೊಂದು ಕೂಡಿಕೊಂಡಿತು, ದಪ್ಪಗಾಯಿತು, ದಪ್ಪ ಸದ್ದು ತೆಳ್ಳಗಾಗುತ್ತಾ ಮೇಲೆ ಹತ್ತಿತು. ಯಾರೋ ಉಬ್ಬಸದವನು ಕೊನೆಗೂ ಉಸಿರು ಎಳೆದುಕೊಂಡ ಹಾಗೆ. ಕ್ಯಾಮೆರಾ ಹಿಡಿದ ಸಿಪಾಯಿಯ ಪಕ್ಕದಲ್ಲಿ ಯಾರೋ, ಮುಖ ಕಾಣದವನೊಬ್ಬ, ಸಂತೋಷದಿಂದ ಕಿರುಚಿದ: “ಎದ್ದ! ಎದ್ದ ನೋಡು, ಎದ್ದ!” ಸದ್ದು ಇನ್ನೂ ಹತ್ತುತ್ತಿತ್ತು, ಹೆಚ್ಚುಕಡಿಮೆ ಪೂರ್ತಿ ಸರಿಯಾಗಿತ್ತು. ಆಮೇಲೆ ಅದು ಇರಲಿಲ್ಲ. ಗಾಳಿಚೀಲ ಒಮ್ಮೆ ಅಲುಗಿ ಮತ್ತೆ ಜೋತುಬಿತ್ತು. ಚಿತ್ರ ಮುಗಿಯಿತು.

ಗುಬ್ಬಿ ನಿಂತೇ ಇದ್ದಳು. ಹಿಂದಕ್ಕೆ ತಿರುಗಿ ಆ ಉದ್ದನೆಯ ಹುಡುಗನಿಗೆ ಹೇಳಿದಳು, ಪಾಠ ಒಪ್ಪಿಸುವವಳ ಹಾಗೆ, ಎಲ್ಲೂ ತಡವರಿಸದೆ: “ರೆಕ್ಕೆ ವೇಗ ವಾಪಸ್ ಬಂತು. ಬರ್ಬೇಕಾದ್ರೆ ಕಲೆಕ್ಟಿವ್ ಇಳಿಸಿರಬೇಕು. ನೆಲ ಎದುರಿಗೆ ಬರ್ತಾ ಇರೋವಾಗ ಇಳಿಸಿದಾರೆ. ಎತ್ತರ ಸಾಲಲಿಲ್ಲ, ಅಷ್ಟೆ. ಕೊನೇವರೆಗೂ ಎಳೀತಾ ಇರಲಿಲ್ಲ.” ಎಂದು ಕೂತಳು. ಯಾರೂ ನಗಲಿಲ್ಲ. ಉದ್ದನೆಯ ಹುಡುಗ ಕೂರುವುದೋ ನಿಲ್ಲುವುದೋ ತಿಳಿಯದೆ ಡೆಸ್ಕಿನ ಅಂಚು ಹಿಡಿದುಕೊಂಡಿದ್ದ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ತನ್ನ ಮಿಡತೆಯನ್ನು ಒರೆಸಿದ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

ಮಧ್ಯಾಹ್ನ ಸಿಮ್ಯುಲೇಟರಿನ ಕೋಣೆಯಲ್ಲಿ ಅವಳ ಸರದಿ ಇತ್ತು. ದಪ್ಪ ಮೀಸೆಯವನು ಬೇಕೆಂದೇ ಏನೋ ಕೆಲಸ ಹೇಳಿ ಹೊರಗೆ ಹೋದ. ಕತ್ತಲು ಕೋಣೆ, ಮುಂದೆ ಬಾಗಿದ ತೆರೆ, ನಕಲಿ ಕಾಕ್‌ಪಿಟ್ಟಿನಲ್ಲಿ ಅವಳು, ಹಿಂದಿನ ಮೇಜಿನಲ್ಲಿ ಅವನು. ಎತ್ತರ, ಬಿಸಿಲು, ಹೊರೆ, ಎಲ್ಲವನ್ನೂ ಅಲ್ಲಿಂದಲೇ ತಿರುಗಿಸಿ ಕೂರಿಸಬಹುದು. “ಅಪ್ಪನ ಬೆಟ್ಟ ಹಾಕಿ ಚಿಕ್ಕಪ್ಪ,” ಎಂದಳು. ಇಲ್ಲಿ ಸರ್ ಇರಲಿಲ್ಲ. “ಅವತ್ತಿನ ಬಿಸಿಲು. ಅವತ್ತಿನ ಹೊರೆ.” ಅವನಿಗೆ ಅದೆಲ್ಲ ಬಾಯಿಪಾಠವೆಂದು ಅವಳಿಗೆ ಹೇಗೆ ಗೊತ್ತು? ಅವನು ಕೇಳಲಿಲ್ಲ, ಹಾಕಿದ. “ಯಾರು ತೋರಿಸಿದ್ದು ನಿಂಗೆ ಅದನ್ನ?” “ಇಲ್ಲಿಗೆ ಬಂದ ಮೊದಲ್ನೇ ವಾರಾನೇ ಯಾರೋ ಫೋನಿಗೆ ಕಳಿಸಿದ್ರು. ನಿಮ್ಮ ಹತ್ರ ಇದೆ, ನೀವೇ ತೋರಿಸ್ತೀರಿ ಅಂತ ಕಾದೆ. ಅರ್ಧಕ್ಕೇ ನಿಲ್ಲಿಸ್ತೀರಿ ಅಂತ ಸೀನಿಯರ್ಸ್ ಹೇಳಿದ್ರು, ನಾನು ನಂಬಲಿಲ್ಲ.” ಬೈದಿದ್ದರೆ ಚೆನ್ನಾಗಿತ್ತು. ಅವಳು ಕಲೆಕ್ಟಿವ್ ಎತ್ತಿದಳು.

ಅಂಚು ದಾಟಿದಳು, ಕುಸಿದಳು, ಎಡಗೈ ಮೇಲಕ್ಕೆ ಹೋಯಿತು. ಅವನು ಕಣ್ಣಾರೆ ಕಂಡ; ಅದು ಅವಳ ಕೈಯೇ ಅಲ್ಲ. ರೆಕ್ಕೆ ನಿಧಾನವಾಗುತ್ತಿದೆಯೆಂದು ಎಚ್ಚರಿಸುವ ಪೀಪಿ ಊದತೊಡಗಿತು. ಇಳಿಸು ಎನ್ನಬೇಕು. ಊರಿಗೆಲ್ಲ ಇಳಿಸು ಎಂದವನಿಗೆ ಈಗ ನಾಲಿಗೆ ಏಳಲಿಲ್ಲ, ಕಿವಿಯ ತುಂಬ ಎದ್ದ, ಎದ್ದ ಎನ್ನುವ ಆ ಕಾಣದ ಮನುಷ್ಯನ ಕೂಗು. ಅವಳೇ ಇಳಿಸಿದಳು. ಸದ್ದು ಹತ್ತಿತು, ನೆಲ ಬಂತು, ತೆರೆ ಕೆಂಪಾಯಿತು. “ಇನ್ನೊಂದ್ಸಲ,” ಎಂದಳು. ಮತ್ತೆ ಅಂಚು, ಮತ್ತೆ ಪೀಪಿ, ಈ ಸಲ ಒಂದಿಷ್ಟು ಮುಂಚೆ ಇಳಿಸಿದಳು, ಮತ್ತೆ ಕೆಂಪು. “ಇನ್ನೊಂದ್ಸಲ.” ಅವಳು ಏನು ಮಾಡುತ್ತಿದ್ದಾಳೆಂದು ಅವನಿಗೆ ಆಗ ತಿಳಿಯಿತು. ಅಪ್ಪ ಬದುಕುವ ಜಾಗವನ್ನು ಹುಡುಕುತ್ತಿದ್ದಳು. ಎಲ್ಲಿ ಇಳಿಸಿದ್ದರೆ ಅವನು ಅವತ್ತು ಸಂಜೆ ಮನೆಗೆ ಬರುತ್ತಿದ್ದನೋ ಆ ಜಾಗವನ್ನು. ಅವನು ಎದ್ದು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತ. ಎಷ್ಟು ಸಲ ಸತ್ತರೋ ಲೆಕ್ಕ ಇಡಲಿಲ್ಲ. ಕೊನೆಗೊಮ್ಮೆ, ಹೆಲಿಕಾಪ್ಟರು ಅಂಚಿನ ಮಟ್ಟದಿಂದ ಇನ್ನೂ ಕೆಳಗಿಳಿಯದಿರುವಾಗಲೇ, ಪೀಪಿ ಬಾಯಿ ತೆರೆದದ್ದೇ ತಡ ಅವಳ ಕೈ ಕೆಳಕ್ಕೆ ಬಂತು. ಮೂಗು ತಗ್ಗಿತು, ಕಣಿವೆ ಎದೆಗೆ ನುಗ್ಗಿ ಬಂದು ಹೊಟ್ಟೆಯಡಿಯಲ್ಲಿ ಸರಿದುಹೋಯಿತು, ಮತ್ತು ಅವರು ಹಾರುತ್ತಿದ್ದರು. ಕೆಳಗೆ ನಕಲಿ ಮರಗಳು, ನಕಲಿ ನದಿ. ರೆಕ್ಕೆಯ ಸದ್ದು ನೇರವಾಗಿ, ಒಂದೇ ಸಮನೆ.

“ಇಷ್ಟೇ,” ಎಂದಳು ಗುಬ್ಬಿ. “ಒಂದು ಉಸಿರು ಮುಂಚೆ.” ಹಾರಿಸುತ್ತಲೇ ಅಳತೊಡಗಿದಳು. ಕೈ ಮಾತ್ರ ಅಲುಗಲಿಲ್ಲ. “ನೀವು ಅಮ್ಮಂಗೆ ಹೇಳಿದ್ರಲ್ಲ, ಅವನಿಗೆ ಏನೂ ಗೊತ್ತಾಗಿರಲ್ಲ ಅಂತ. ಎಲ್ಲಾ ಗೊತ್ತಾಗಿತ್ತು ಚಿಕ್ಕಪ್ಪ. ತಪ್ಪು ಗೊತ್ತಾಗಿತ್ತು, ಸರಿ ಮಾಡಿದ್ದು ಗೊತ್ತಾಗಿತ್ತು, ಸಾಲಲ್ಲ ಅನ್ನೋದೂ ಗೊತ್ತಾಗಿತ್ತು.” ಇಷ್ಟು ವರ್ಷ ಅವನು ಅಣ್ಣನನ್ನು ದಡ್ಡನೆಂದು ನಂಬಿ ದುಃಖಪಟ್ಟಿದ್ದ. ದಡ್ಡನಿಗೆ ಸಾವು ಹಗುರ ಎಂಬ ಆಸೆ ಆ ದುಃಖದೊಳಗೆ ಬೆಚ್ಚಗೆ ಮಲಗಿತ್ತು. ಬೆರಳು ಅಲ್ಲಿ ನಿಲ್ಲಿಸುತ್ತಿದ್ದುದು ಅತ್ತಿಗೆಗಾಗಿಯೂ ಅಲ್ಲ, ಹುಡುಗರಿಗಾಗಿಯೂ ಅಲ್ಲ. ಸತ್ತರೂ ಇಳಿಯುವುದಿಲ್ಲ ಎಂದವನು ಇಳಿದಿದ್ದ. ಆ ಖಾಲಿ ಅಂಚಿನ ಕೆಳಗೆ, ಯಾರೂ ನೋಡದ ಕಡೆ, ಅವನು ತನ್ನ ಹಟವನ್ನು ಕೈಯಾರೆ ಕೆಳಗಿಟ್ಟಿದ್ದ, ಮತ್ತು ತಮ್ಮ ಅದನ್ನು ಇಷ್ಟು ದಿನ ಕೇಳಿಸಿಕೊಳ್ಳಲೇ ಇಲ್ಲ. ಅವನಿಗೂ ಅಳು ಬಂತು. ಕತ್ತಲಿತ್ತು, ಒರೆಸಿಕೊಳ್ಳಲಿಲ್ಲ.

ಗುಬ್ಬಿಯ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವಳು ನಕಲಿ ಹೆಲಿಕಾಪ್ಟರನ್ನು ತೇಲಲು ಬಿಟ್ಟು ನೋಡಿದಳು, ಅಮ್ಮ ಎಂದಿತ್ತು. ಅವನ ಕಡೆ ಚಾಚಿದಳು. “ನೀವೇ ಮಾತಾಡಿ.”

ಅವನು ತೆಗೆದುಕೊಂಡ. ಆ ಕಡೆ ಯಂತ್ರ ಝರ್ರ್ ಎಂದು ಓಡುತ್ತಿತ್ತು. “ಓ, ನೀನಾ? ಅಲ್ಲೇ ಇದೀಯಾ? ಹೇಗಪ್ಪ ನಮ್ಮ ಹುಡುಗಿ, ಹಾರಿಸ್ತಾಳಾ? ಅವರಪ್ಪನ ಹಾಗೆ?” ಅತ್ತಿಗೆಯ ಧ್ವನಿಯಲ್ಲಿ ಹೆಮ್ಮೆ ಇತ್ತು, ಹೆಮ್ಮೆಯ ಕೆಳಗೆ ಹೆದರಿಕೆ ಇತ್ತು.

“ಹೌದು ಅತ್ತಿಗೆ. ಅವರಪ್ಪನ ಹಾಗೇ.”

“ಇಂಜಿನ್ ವಿಷಯ ಹೇಳ್ಕೊಟ್ಯಾ? ಅದು ಕೈಕೊಡೋದನ್ನ?”

ಇಲ್ಲಿ ಹೂಂ ಎಂದರೆ ಸಾಕು. ಹೂಂ ಎಂದು ಹೇಳಿ ಅಭ್ಯಾಸವಿತ್ತು. ಪಕ್ಕದಲ್ಲಿ ಗುಬ್ಬಿ ಕೆನ್ನೆ ಒದ್ದೆ ಮಾಡಿಕೊಂಡು ಅವನ ಕಡೆ ನೋಡದೆ ತೆರೆಯನ್ನೇ ನೋಡುತ್ತಾ ಕೂತಿದ್ದಳು. “ಅತ್ತಿಗೆ,” ಎಂದ. ಧ್ವನಿ ಬೇರೆ ಯಾರದ್ದೋ ಎಂಬ ಹಾಗೆ ಕೇಳಿಸಿತು. “ಅವತ್ತು ಇಂಜಿನ್ ಕೈಕೊಟ್ಟಿರಲಿಲ್ಲ. ಇಂಜಿನ್ ಚೆನ್ನಾಗೇ ಇತ್ತು. ಇನ್ನೂ ಇದೆ ಹೇಳೋದು, ಕೇಳ್ತೀರಾ?”

ಆ ಕಡೆ ಯಂತ್ರದ ಸದ್ದು ದಪ್ಪಗಾ‌ಯಿತು. ಆಮೇಲೆ ಒಡೆಯಿತು, ಒಂದೊಂದು ಹೊಲಿಗೆಯೂ ಬಿಡಿಯಾಗಿ ಕೇಳಿಸತೊಡಗಿತು, ಟಕ್, ಟಕ್, ಟಕ್. ಆಮೇಲೆ ನಿಂತಿತು. ಅವನು ಫೋನನ್ನು ಕಿವಿಗೆ ಒತ್ತಿಹಿಡಿದು, ಅದು ಮತ್ತೆ ಶುರುವಾಗುವುದನ್ನೇ ಕಾಯುತ್ತಾ ಕೂತ.